ಟೊಮೆಟೊ ಅಂಗಮಾರಿ: ಬಂಗಾರಪೇಟೆ–ಕೆಜಿಎಫ್ ಬಯಲಿನಲ್ಲಿ ಸಾವಯವ ತಡೆ

ಟೊಮೆಟೊ ಬೆಳೆಯನ್ನು ಸುಡುವ ಅಂಗಮಾರಿ ಒಂದು ರೋಗವಲ್ಲ, ಎರಡು. ಎರಡರಲ್ಲೂ ಎಲೆ ಕಂದಾಗಿ ಒಣಗುವುದರಿಂದ ಹೊಲದಲ್ಲಿ ಎರಡಕ್ಕೂ ಒಂದೇ ಹೆಸರು, ಔಷಧಿ ಅಂಗಡಿಯಲ್ಲಿ ಎರಡಕ್ಕೂ ಒಂದೇ ಡಬ್ಬಿ. ರಾಸಾಯನಿಕ ಬೇಸಾಯದಲ್ಲಿ ಈ ಅಸಡ್ಡೆ ಹೇಗೋ ನಡೆದುಹೋಗುತ್ತದೆ. ಸಾವಯವ ಬೇಸಾಯದಲ್ಲಿ ನಡೆಯುವುದಿಲ್ಲ. ಅಲ್ಲಿ ಬಂದ ರೋಗವನ್ನು ವಾಸಿ ಮಾಡುವ ಔಷಧಿಯೇ ಇಲ್ಲ. ಇರುವುದೆಲ್ಲ ಬಾರದಂತೆ ತಡೆಯುವ ಉಪಾಯಗಳು. ಯಾವ ರೋಗ ಎಲ್ಲಿ ಅಡಗಿರುತ್ತದೆ, ಯಾವ ಹವೆಯಲ್ಲಿ ಎದ್ದು ಬರುತ್ತದೆ ಎಂದು ಗೊತ್ತಿಲ್ಲದವರಿಗೆ ತಡೆ ಹಾಕುವುದು ಸಾಧ್ಯವಿಲ್ಲ.

ಮೊದಲನೆಯದು ಮುಂಚಿನ ಅಂಗಮಾರಿ. ಆಲ್ಟರ್ನೇರಿಯ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ನೆಲದ ಹತ್ತಿರವಿರುವ ಹಳೆಯ ಎಲೆಗಳಲ್ಲಿ ಕಂದು ಚುಕ್ಕೆ ಮೂಡುತ್ತದೆ. ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ಸುತ್ತಲಿನ ಎಲೆ ಹಳದಿಗೆ ತಿರುಗಿ ಉದುರುತ್ತದೆ. ಕಾಯಿಯ ತೊಟ್ಟಿನ ಬಳಿ ಕಪ್ಪಗೆ ಗುಳಿ ಬೀಳುವುದೂ ಉಂಟು. 24ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಒಮ್ಮೆ ನೆನೆದು ಒಮ್ಮೆ ಒಣಗುವ ಎಲೆ, ಇವು ಇದಕ್ಕೆ ಒಗ್ಗುವ ಸ್ಥಿತಿ. ಹಿಂದಿನ ಬೆಳೆಯ ಒಣ ಕಡ್ಡಿ, ಎಲೆಯ ಚೂರುಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲೇ ಬದುಕಿರುತ್ತದೆ. ಬೀಜದ ಜೊತೆಗೂ ಬರುತ್ತದೆ. ಮಳೆಹನಿ ನೆಲಕ್ಕೆ ಬಡಿದು ಮಣ್ಣು ಸಿಡಿದಾಗ ಕೆಳಗಿನ ಎಲೆಗೆ ಏರುತ್ತದೆ. ಗೊಬ್ಬರ ಸಾಲದ, ಕಾಯಿ ಹೊತ್ತು ಸೊರಗಿದ ಗಿಡ ಬೇಗ ಸಿಕ್ಕಿಬೀಳುತ್ತದೆ. ಆದರೆ ಇದರ ನಡೆ ನಿಧಾನ. ಗಿಡವನ್ನು ಮುಗಿಸಲು ವಾರಗಳು ಬೇಕು. ಆ ವಾರಗಳಲ್ಲಿ ರೈತನಿಗೆ ಏನಾದರೂ ಮಾಡಲು ಸಮಯ ಸಿಗುತ್ತದೆ.

ಎರಡನೆಯದಾದ ತಡ ಅಂಗಮಾರಿ ಆ ಸಮಯ ಕೊಡುವುದಿಲ್ಲ. ಇದನ್ನು ತರುವ ಫೈಟಾಫ್ತೊರ ಇನ್‌ಫೆಸ್ಟನ್ಸ್ ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಪಾಚಿಗಳಿಗೆ ಹತ್ತಿರದ ಜೀವಿ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಇನ್ನೊಂದು ಪ್ರಭೇದ. ತಣ್ಣನೆಯ ನೀರಿನ ಪದರದಲ್ಲಿ ಇದರ ಬೀಜಕಣ ಒಡೆದು ಈಜಬಲ್ಲ ಸಣ್ಣ ಕಣಗಳನ್ನು ಬಿಡುತ್ತದೆ. ಅವು ಎಲೆಯನ್ನು ಕೊರೆದು ಒಳಹೋಗುತ್ತವೆ. ಎಲೆಯ ಅಂಚಿನಲ್ಲಿ ನೀರು ನೆನೆದ ಬೂದು-ಹಸಿರು ಮಚ್ಚೆ, ಬೆಳಗಿನ ಹೊತ್ತು ಎಲೆ ಮಗುಚಿದರೆ ಮಚ್ಚೆಯ ಅಂಚಿಗೆ ಬಿಳಿ ನವಿರು, ಕಾಂಡದ ಮೇಲೆ ಕಪ್ಪು-ಕಂದು ಪಟ್ಟೆ, ಕಾಯಿಯ ಮೇಲೆ ಜಿಡ್ಡುಗಟ್ಟಿದ ಕಂದು ಬಣ್ಣ, ಇವು ಲಕ್ಷಣಗಳು. ಕಾಯಿ ಮೊದಲಿಗೆ ಗಟ್ಟಿಯಾಗಿಯೇ ಇರುತ್ತದೆ. ಮೆತ್ತಗಾಗುವುದು ಬೇರೆ ಕೊಳೆರೋಗಗಳು ಸೇರಿಕೊಂಡ ಮೇಲೆ. ಸೋಂಕು ತಗಲಿದ ನಾಲ್ಕರಿಂದ ಏಳು ದಿನಕ್ಕೆ ಹೊಸ ಬೀಜಕಣಗಳು ಸಿದ್ಧ. ಮೋಡ ಕವಿದಿದ್ದರೆ ಗಾಳಿ ಅವನ್ನು ಕಿಲೋಮೀಟರುಗಟ್ಟಲೆ ಒಯ್ಯುತ್ತದೆ. ಸುಡುಬಿಸಿಲಿದ್ದರೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹವೆ ಅನುಕೂಲವಾಗಿದ್ದಲ್ಲಿ ಹತ್ತು ದಿನದೊಳಗೆ ತೋಟ ಮುಗಿದುಹೋಗುತ್ತದೆ. ಇನ್ನೊಂದು ಮುಖ್ಯ ವ್ಯತ್ಯಾಸ: ಮುಂಚಿನ ಅಂಗಮಾರಿಯಂತೆ ಇದು ಸತ್ತ ಕಸದಲ್ಲಿ ಬಹುಕಾಲ ಬಾಳುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ ಜೀವಂತ ಅಂಗಾಂಶವೇ ಬೇಕು: ತಾನೇ ಹುಟ್ಟಿದ ಟೊಮೆಟೊ ಸಸಿ, ಹೊಲದಲ್ಲಿ ಉಳಿದ ಆಲೂಗೆಡ್ಡೆ, ಕೈಬಿಟ್ಟ ತೋಟ.

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಕ್ಷಾಮ ತಂದದ್ದು ಇದೇ ಜೀವಿ. ಕರ್ನಾಟಕದ ಟೊಮೆಟೊ ಬೆಳೆಗೆ ಇದರ ಹೊಸ ಅವತಾರ ಬಂದದ್ದು 2009–10ರ ಸುಮಾರಿಗೆ. ಆ ಹೊತ್ತಿನ ತೀವ್ರ ಹಾವಳಿಯ ಮಾದರಿಗಳನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ, ಅದಕ್ಕೂ ಮೊದಲು ಯುರೋಪಿನ ಆಲೂಗೆಡ್ಡೆ ಹೊಲಗಳನ್ನು ಆವರಿಸಿದ್ದ ‘13_ಎ2’ ಎಂಬ ವಂಶಾವಳಿ ಅವುಗಳಲ್ಲಿ ಸಿಕ್ಕಿತು. ಮೆಟಲಾಕ್ಸಿಲ್ ಎಂಬ ಪ್ರಬಲ ರಾಸಾಯನಿಕಕ್ಕೂ ಈ ವಂಶಾವಳಿ ಬಗ್ಗುವುದಿಲ್ಲ. ಅಂದರೆ ಡಬ್ಬಿಯ ಔಷಧಿ ಕೈಕೊಟ್ಟ ಕಡೆಯೂ ರೈತನಿಗೆ ಉಳಿಯುವುದು ಸಾವಯವ ರೈತ ಮಾಡುವ ಮುಂಜಾಗ್ರತೆಯೇ.

ಕೋಲಾರ ಜಿಲ್ಲೆಯ ಹವೆಗೂ ಈ ರೋಗಕ್ಕೂ ಇರುವ ಹೊಂದಾಣಿಕೆ ವರ್ಷದಲ್ಲಿ ಕೆಲವೇ ವಾರಗಳದ್ದು, ಆದರೆ ಆ ವಾರಗಳು ಅಪಾಯದವು. ಬಂಗಾರಪೇಟೆ, ಬೂದಿಕೋಟೆ, ಕಾಮಸಮುದ್ರ, ಬೇತಮಂಗಲ, ರಾಬರ್ಟ್‌ಸನ್‌ಪೇಟೆಗಳೆಲ್ಲ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದ ಕೆಂಪು ಮಣ್ಣಿನ ಬಯಲು. ವರ್ಷದ ಮಳೆ 700–750 ಮಿಲಿಮೀಟರ್ ಆಸುಪಾಸು. ಅದರಲ್ಲೂ ಹೆಚ್ಚಿನದು ಆಗಸ್ಟ್‌ನಿಂದ ನವೆಂಬರ್‌ವರೆಗೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನವೆಂಬರ್‌ನಲ್ಲಿ ಮೂರು ನಾಲ್ಕು ದಿನ ಸೂರ್ಯ ಕಾಣದೆ ಜಡಿಮಳೆ ಹಿಡಿಯುತ್ತದೆ. ರಾತ್ರಿ 15ರಿಂದ 18 ಡಿಗ್ರಿ, ಮೋಡದ ಹಗಲು 25ರ ಒಳಗೆ: ತಡ ಅಂಗಮಾರಿಗೆ ಬೇಕಾದದ್ದು ಇಷ್ಟೇ. ಬ್ರಿಟನ್ನಿನ ಆಲೂಗೆಡ್ಡೆ ರೈತರಿಗಾಗಿ 1950ರ ದಶಕದಲ್ಲಿ ಒಂದು ಲೆಕ್ಕ ರೂಪುಗೊಂಡಿತು: ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ದಿನಕ್ಕೆ 11 ಗಂಟೆಯಾದರೂ ಗಾಳಿಯ ತೇವಾಂಶ ಶೇ. 90ಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆ ಕೊಡಬೇಕು. ಕೆಜಿಎಫ್ ಬಯಲಿನಲ್ಲಿ ರಾತ್ರಿಯ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ್ದರಿಂದ ಈ ಲೆಕ್ಕದ ಅರ್ಧ ಬಹುತೇಕ ಸದಾ ಪೂರೈಸಿಯೇ ಇರುತ್ತದೆ. ಉಳಿಯುವ ಪ್ರಶ್ನೆ ಒಂದೇ: ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ? ಸಾವಯವ ತಡೆಯ ಬಹುಪಾಲು ಈ ಒದ್ದೆಯ ಹೊತ್ತನ್ನು ಕಡಿಮೆ ಮಾಡುವ ಕೆಲಸ.

ಮೊದಲ ತೀರ್ಮಾನ ನಾಟಿಯ ತಿಂಗಳು. ಜಿಲ್ಲೆಯಲ್ಲಿ ಟೊಮೆಟೊ ವರ್ಷವಿಡೀ ಹೊಲದಲ್ಲಿರುತ್ತದೆ; ಮುಖ್ಯ ನಾಟಿಗಳು ಜನವರಿ–ಫೆಬ್ರವರಿ, ಮೇ–ಜೂನ್, ಸೆಪ್ಟೆಂಬರ್–ಅಕ್ಟೋಬರ್. ಸೆಪ್ಟೆಂಬರ್‌ನಲ್ಲಿ ನೆಟ್ಟ ಗಿಡ ತುಂಬಿ ಹಬ್ಬಿ ಕಾಯಿ ಕಟ್ಟುವುದು ಸರಿಯಾಗಿ ನವೆಂಬರ್ ಜಡಿಯಲ್ಲಿ. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಮಾಲು ಕಡಿಮೆಯಾಗಿ ಬೆಲೆ ಏರುವುದರಿಂದ ಆಸೆ ಸಹಜ. 2021ರ ನವೆಂಬರ್ ಮಳೆಗೆ ಜಿಲ್ಲೆಯ ತೋಟಗಳು ಕೊಳೆತಾಗ ಉಳಿದವರಿಗೆ ಸಿಕ್ಕ ಬೆಲೆ ಇನ್ನೂ ನೆನಪಿನಲ್ಲಿದೆ. ಆದರೂ ಸಾವಯವ ರೈತ ಈ ನಾಟಿಯನ್ನು ಬಿಡುವುದೇ ಲೇಸು. ಜನವರಿ ನಾಟಿಗೆ ತಡ ಅಂಗಮಾರಿಯ ಕಾಟ ತೀರ ಕಡಿಮೆ. ಅದಕ್ಕೆ ಬೇರೆ ಸಂಕಟವಿದೆ: ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚಿ ಎಲೆಮುರುಟು ನಂಜು ಬರುತ್ತದೆ, ಬೋರ್‌ವೆಲ್ ನೀರೂ ಸಾಲಬೇಕು. ಒಂದು ರೋಗ ತಪ್ಪಿಸಲು ಇನ್ನೊಂದರ ಕಾಲಕ್ಕೆ ಹೋಗುವ ಈ ಲೆಕ್ಕಾಚಾರಕ್ಕೆ ತಳಿಯ ಆಯ್ಕೆ ನೆರವಾಗುತ್ತದೆ.

ಹೆಸರಘಟ್ಟದ ಸಂಸ್ಥೆ ಹೊರತಂದ ‘ಅರ್ಕಾ ರಕ್ಷಕ್’ ಮತ್ತು ‘ಅರ್ಕಾ ಸಾಮ್ರಾಟ್’ ಸಂಕರ ತಳಿಗಳಿಗೆ ಎಲೆಮುರುಟು ನಂಜು, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ ಈ ಮೂರನ್ನೂ ತಡೆಯುವ ಶಕ್ತಿಯಿದೆ. ನಂತರ ಬಂದ ‘ಅರ್ಕಾ ಅಭೇದ್’ ಇವುಗಳ ಜೊತೆಗೆ ತಡ ಅಂಗಮಾರಿಯನ್ನೂ ಎದುರಿಸುತ್ತದೆ. ಆ ಗುಣ ಬಂದದ್ದು ಪೆರು, ಈಕ್ವೆಡಾರ್ ಕಡೆಯ ಕಾಡು ಟೊಮೆಟೊದ ವಂಶವಾಹಿಗಳಿಂದ. ಸಂಕರ ಬೀಜಕ್ಕೆ ಸಾವಯವ ನಿಯಮದಲ್ಲಿ ಅಡ್ಡಿಯಿಲ್ಲ. ಅಡ್ಡಿಯಿರುವುದು ಕುಲಾಂತರಿಗೆ ಮತ್ತು ರಾಸಾಯನಿಕ ಲೇಪಿಸಿದ ಬೀಜಕ್ಕೆ. ನಿರೋಧಕ ತಳಿ ನೆಟ್ಟು ಉಳಿದದ್ದನ್ನೆಲ್ಲ ಮರೆತರೆ ಮಾತ್ರ ಮೋಸ. ರೋಗಾಣುವಿನ ವಂಶ ಬದಲಾದಾಗ ನಿರೋಧ ಕುಂದುತ್ತದೆ. ತಳಿ ಕೊಡುವುದು ಕೆಲವು ದಿನಗಳ ಅವಕಾಶವನ್ನಷ್ಟೇ.

ಸ್ವಂತ ಬೀಜ ಇಟ್ಟುಕೊಳ್ಳುವವರು 50 ಡಿಗ್ರಿಯ ಬಿಸಿನೀರಿನಲ್ಲಿ 25 ನಿಮಿಷ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿದರೆ ಬೀಜದ ಮೇಲಿನ ಆಲ್ಟರ್ನೇರಿಯ ಬಹುಪಾಲು ಸಾಯುತ್ತದೆ. ಕೈಯಂದಾಜು ಇಲ್ಲಿ ಸಲ್ಲದು, ಥರ್ಮಾಮೀಟರ್ ಬೇಕೇ ಬೇಕು. ಎರಡು ಮೂರು ಡಿಗ್ರಿ ಏರಿದರೆ ಮೊಳಕೆ ಕೆಡುತ್ತದೆ. ಆಮೇಲೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಬೀಜಕ್ಕೆ ಲೇಪಿಸುವುದು ರೂಢಿ. ನರ್ಸರಿಯಿಂದ ಸಸಿ ತರುವವರು ಟ್ರೇ ಎತ್ತಿ ಎಲೆಯ ಅಡಿಭಾಗ, ಕಾಂಡದ ಬುಡ ನೋಡಬೇಕು. 2009ರಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ತಡ ಅಂಗಮಾರಿ ಒಮ್ಮೆಲೇ ಹಬ್ಬಿದ್ದು ಅಂಗಡಿಗಳಲ್ಲಿ ಮಾರಿದ ಸೋಂಕಿನ ಟೊಮೆಟೊ ಸಸಿಗಳಿಂದ.

ಹೊಲದ ಆಯ್ಕೆ ಮುಂಚಿನ ಅಂಗಮಾರಿಗೆ ಹಾಕುವ ಅತಿ ದೊಡ್ಡ ತಡೆ. ಟೊಮೆಟೊ ಕಿತ್ತ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಆಲೂಗೆಡ್ಡೆ, ಬದನೆ, ಮೆಣಸಿನಕಾಯಿ, ದೊಣ್ಣೆಮೆಣಸು ಬರಬಾರದು. ಇವೆಲ್ಲ ಒಂದೇ ಕುಟುಂಬ. ಈ ಸೀಮೆಯ ರಾಗಿ–ಅವರೆ ಜೋಡಿ ಸರದಿಗೆ ಹೇಳಿ ಮಾಡಿಸಿದಂತಿದೆ. ಮುಸುಕಿನ ಜೋಳ, ಹುರುಳಿ, ಚೆಂಡುಹೂವೂ ಆಗುತ್ತವೆ. ಚೆಂಡುಹೂವು ಬೇರಿನ ಜಂತುಹುಳುವನ್ನೂ ತಗ್ಗಿಸುತ್ತದೆ. ಎರಡೆಕರೆ ಇರುವವರಿಗೆ ಮೂರು ವರ್ಷದ ಸರದಿ ಹೇಳುವುದು ಸುಲಭ, ಮಾಡುವುದು ಕಷ್ಟ ಎಂಬುದು ನಿಜ. ಅಂಥವರು ಜಮೀನನ್ನು ಮೂರು ತುಂಡು ಮಾಡಿಕೊಂಡು ಟೊಮೆಟೊವನ್ನು ವರ್ಷಕ್ಕೊಂದು ತುಂಡಿನಲ್ಲಿ ಇಡುವುದು ಉಳಿದ ದಾರಿ. ತಡ ಅಂಗಮಾರಿಗೆ ಸರದಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದು ಗಾಳಿಯಲ್ಲಿ ಬರುತ್ತದೆ. ಅದಕ್ಕೆ ಬೇಕಾದ ಎಚ್ಚರ ಪಕ್ಕದಲ್ಲಿ ಆಲೂಗೆಡ್ಡೆ ಹೊಲವಿದೆಯೇ ಎಂಬುದು.

ಗೊಬ್ಬರದ ವಿಷಯದಲ್ಲಿ ಎರಡು ರೋಗಗಳೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಹಸಿದ ಗಿಡ ಮುಂಚಿನ ಅಂಗಮಾರಿಗೆ ಬಲಿ. ಕೋಳಿಗೊಬ್ಬರ ಸುರಿದು ಸೊಕ್ಕಿ ಬೆಳೆದ ಗಿಡದ ಎಲೆ ದಟ್ಟವಾಗಿ, ಒಳಗೆ ಗಾಳಿಯಾಡದೆ, ತಡ ಅಂಗಮಾರಿಗೆ ಮನೆಯಾಗುತ್ತದೆ. ಈ ಭಾಗದಲ್ಲಿ ಕೋಳಿಗೊಬ್ಬರದ ಬಳಕೆ ಹೆಚ್ಚು. ಅದರಲ್ಲಿರುವ ಸಾರಜನಕ ಬೇಗ ಬಿಡುಗಡೆಯಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ ಹತ್ತು ಟನ್‌ನಷ್ಟು ಮೊದಲೇ ಕೊಟ್ಟು, ಕಾಯಿ ಕಟ್ಟುವ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಗಿಡಕ್ಕೆ ಉಣಿಸುವುದು ಮಧ್ಯದ ದಾರಿ. ಸಗಣಿ–ಗಂಜಲ ಹುದುಗಿಸಿ ಮಾಡುವ ಜೀವಾಮೃತದ ಬೆಲೆ ಇರುವುದು ಇಲ್ಲೇ, ಮಣ್ಣಿಗೆ. ನೂರು ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ ಟ್ರೈಕೋಡರ್ಮ, ಹತ್ತು ಕಿಲೋ ಬೇವಿನ ಹಿಂಡಿ ಬೆರೆಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಇಟ್ಟು ಸಾಲಿಗೆ ಹಾಕುವುದು ಬೇರಿನ ರೋಗಗಳಿಗೆ ಒಳ್ಳೆಯದು. ಎಲೆಯ ಅಂಗಮಾರಿಯನ್ನು ಅದು ನೇರವಾಗಿ ತಡೆಯುವುದಿಲ್ಲ.

ಎಲೆ ಒಣಗಿಸುವ ಕೆಲಸ ಸಾಲಿನ ಅಂತರದಿಂದ ಶುರುವಾಗುತ್ತದೆ. ಸಾಲಿನಿಂದ ಸಾಲಿಗೆ ನಾಲ್ಕರಿಂದ ಐದು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ. ಮುಂಗಾರಿನ ಗಾಳಿ ಪಡುವಣದಿಂದಲೂ ಹಿಂಗಾರಿನದು ಮೂಡಣದಿಂದಲೂ ಬೀಸುವ ಕಾರಣ, ಜಮೀನಿನ ಇಳಿಜಾರು ಒಪ್ಪಿದರೆ ಸಾಲನ್ನು ಪೂರ್ವ–ಪಶ್ಚಿಮವಾಗಿ ಎಳೆಯುವುದು ಮೇಲು. ಎರಡು ಕಾಲದಲ್ಲೂ ಗಾಳಿ ಸಾಲಿನುದ್ದಕ್ಕೂ ಹರಿಯುತ್ತದೆ. ನೀಲಗಿರಿ ಕಡ್ಡಿ ನೆಟ್ಟು ತಂತಿ, ದಾರ ಕಟ್ಟಿ ಗಿಡ ಎತ್ತುವುದು ಕೋಲಾರದಲ್ಲಿ ಹೇಗೂ ಇರುವ ರೂಢಿ. ಹಳೆಯ ಕಡ್ಡಿಗಳನ್ನು ಮಾತ್ರ ಹಾಗೇ ಮರುಬಳಸಬಾರದು. ಅವುಗಳಿಗೆ ಅಂಟಿದ ಒಣ ಬಳ್ಳಿ ಕೆರೆದು, ಬಿಸಿಲಿಗೆ ಹರಡಿ, ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಗಿಡ ಸೊಂಟದೆತ್ತರ ಬಂದಾಗ ನೆಲದಿಂದ ಒಂದು ಅಡಿಯವರೆಗಿನ ಎಲೆಗಳನ್ನು ಒಣ ದಿನದ ಬೆಳಿಗ್ಗೆ ಚಿವುಟಿ ತೆಗೆದು ಹೊರಗೆ ಸಾಗಿಸಬೇಕು. ಒದ್ದೆ ತೋಟದಲ್ಲಿ ಕೂಲಿಯಾಳುಗಳು ಓಡಾಡಿದರೆ ಬಟ್ಟೆ, ಕೈಗಳಲ್ಲೇ ರೋಗ ಸಾಲಿನಿಂದ ಸಾಲಿಗೆ ದಾಟುತ್ತದೆ.

ಮಣ್ಣು ಸಿಡಿಯದಂತೆ ಬುಡಕ್ಕೆ ಹೊದಿಕೆ ಬೇಕು. ರಾಗಿ ಹುಲ್ಲು ದನಕ್ಕೇ ಸಾಲದ ಊರುಗಳಲ್ಲಿ ಅದನ್ನು ಹೊಲಕ್ಕೆ ಹಾಸಲು ಹೇಳುವುದು ಮಾತಿಗೆ ಚೆನ್ನ. ಕಬ್ಬಿನ ತರಗು ಈ ಕಡೆ ಸಿಗುವುದಿಲ್ಲ. ಅವರೆ ಹೊಟ್ಟು, ಒಣ ಕಳೆ, ಹೊಂಗೆ–ಗ್ಲಿರಿಸಿಡಿಯ ಸೊಪ್ಪು ಸಿಕ್ಕಷ್ಟು ಹಾಸಬಹುದು. ಮಲ್ಚಿಂಗ್ ಶೀಟ್ ಕೂಡ ಈ ಕೆಲಸ ಮಾಡುತ್ತದೆ. ಬೆಳೆ ಮುಗಿದ ಮೇಲೆ ಪೂರ್ತಿ ಎತ್ತಿ ತೆಗೆದರೆ ಸಾವಯವ ಪ್ರಮಾಣೀಕರಣಕ್ಕೂ ಬಾಧಕವಿಲ್ಲ. ನೀರು ಡ್ರಿಪ್‌ನಲ್ಲಿ, ಬೆಳಗಿನ ಹೊತ್ತು. ಎಲೆಯ ಮೇಲೆ ನೀರೆರಚುವ ಸ್ಪ್ರಿಂಕ್ಲರ್ ಟೊಮೆಟೊಗೆ ಆಗದು.

ರೋಗ ಪತ್ತೆಗೆ ವಾರಕ್ಕೊಮ್ಮೆ ಸುತ್ತು ಹಾಕಿದರೆ ಸಾಲದು. ಮೋಡದ ದಿನಗಳಲ್ಲಿ ದಿನ ಬಿಟ್ಟು ದಿನ, ಬಿಸಿಲೇರುವ ಮೊದಲು, ತಗ್ಗಿನ ಮೂಲೆ, ಮರದ ನೆರಳು, ಪಕ್ಕದ ತೋಟಕ್ಕೆ ತಾಗಿದ ಬದುಗಳನ್ನು ನೋಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ಮಳೆಯ ಮುನ್ಸೂಚನೆ ಸಿಗುತ್ತದೆ. ಮಚ್ಚೆ ಕಂಡು ಅನುಮಾನ ಬಂದರೆ ಎಲೆಯನ್ನು ಒದ್ದೆ ಹತ್ತಿಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ತಂಪಿನಲ್ಲಿ ಇಡಬಹುದು. ಬೆಳಿಗ್ಗೆ ಮಚ್ಚೆಯ ಅಂಚಿಗೆ ಬಿಳಿ ನವಿರು ಬಂದಿದ್ದರೆ ಅದು ತಡ ಅಂಗಮಾರಿ. ಥ್ರಿಪ್ಸ್ ನುಸಿ ಹರಡುವ ಮೊಗ್ಗು ಕೊಳೆ ನಂಜೂ ಕುಡಿಯನ್ನು ಕಂದು ಮಾಡಿ ಸುಟ್ಟಂತೆ ಕಾಣಿಸುವುದುಂಟು. ಅದಕ್ಕೆ ಅಂಗಮಾರಿಗೆ ಹೊಡೆಯುವ ತಾಮ್ರದ ದ್ರಾವಣ ಹೊಡೆದರೆ ದುಡ್ಡು ದಂಡ. ಅನುಮಾನ ಉಳಿದರೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಒಯ್ಯುವುದು ಒಳ್ಳೆಯದು.

ಇನ್ನು ಸಿಂಪಡಣೆ. ಹುಳಿ ಮಜ್ಜಿಗೆ, ಗಂಜಲ, ಶುಂಠಿ–ಬೆಳ್ಳುಳ್ಳಿ ಕಷಾಯ, ಪಂಚಗವ್ಯ, ಅಡುಗೆ ಸೋಡ, ಬೇವಿನ ಎಣ್ಣೆ ಎಂದು ಪಟ್ಟಿ ಉದ್ದವಿದೆ. ಇವುಗಳಲ್ಲಿ ಕೆಲವು ಬೂದಿರೋಗಕ್ಕೆ, ಕೆಲವು ಕೀಟಕ್ಕೆ, ಕೆಲವು ಗಿಡದ ಹುರುಪಿಗೆ ಸಹಾಯಕ. ಜಡಿಮಳೆಯ ತಡ ಅಂಗಮಾರಿಯ ಎದುರು ಇವನ್ನೇ ನಂಬುವುದು ಬೆಳೆಯನ್ನು ಕೈಯಾರೆ ಕಳೆದುಕೊಂಡಂತೆ. ಸೂಡೊಮೊನಾಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉಪಕಾರಿ ಬ್ಯಾಕ್ಟೀರಿಯಗಳು ಇವಕ್ಕಿಂತ ಮೇಲು. ರೋಗ ಕಾಣುವ ಮೊದಲೇ ಹತ್ತು ದಿನಕ್ಕೊಮ್ಮೆ ಸಂಜೆ ಸಿಂಪಡಿಸಿದರೆ ಮುಂಚಿನ ಅಂಗಮಾರಿಯನ್ನು ತಗ್ಗಿಸುತ್ತವೆ. ತಡ ಅಂಗಮಾರಿಯನ್ನು ನಿಜವಾಗಿ ತಡೆಯುವ ಸಾವಯವ ಸಿಂಪಡಣೆ ಒಂದೇ, ತಾಮ್ರ.

ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣದ ಗುಣವನ್ನು ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ. ಕಾಲು ಶತಮಾನದೊಳಗೆ ಅದು ಕನ್ನಡ ನಾಡಿಗೆ ಬಂತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆಯನ್ನು ರೂಢಿಗೆ ತಂದರು. ಟೊಮೆಟೊಗೂ ಅದೇ ಶೇ. 1ರ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ಎಳೆಯ ಗಿಡಕ್ಕೆ ಅದರ ಅರ್ಧ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಕಲಸಿದ ದಿನವೇ ಮುಗಿಸಬೇಕು. ತಾಮ್ರ ಎಲೆಯೊಳಗೆ ಇಳಿಯುವುದಿಲ್ಲ, ಮೇಲೆ ಕೂತು ಕಾಯುತ್ತದೆ. ಆದ್ದರಿಂದ ಮಳೆಗೆ ಮೊದಲು, ಒಣ ಎಲೆಯ ಮೇಲೆ, ಅಡಿಭಾಗಕ್ಕೂ ತಾಗುವಂತೆ ಹೊಡೆಯಬೇಕು. ಸಿಂಪಡಿಸಿದ ಮೇಲೆ ಬಂದ ಕುಡಿಗೆ ರಕ್ಷಣೆಯಿಲ್ಲ. ದೊಡ್ಡ ಮಳೆ ಬಂದರೆ ಬಹುಪಾಲು ತೊಳೆದುಹೋಗುತ್ತದೆ. ಉಪಕಾರಿ ಬ್ಯಾಕ್ಟೀರಿಯಗಳನ್ನೂ ತಾಮ್ರ ಕೊಲ್ಲುವುದರಿಂದ ಎರಡನ್ನೂ ಒಂದೇ ವಾರ ಬಳಸುವುದು ವ್ಯರ್ಥ.

ತಾಮ್ರಕ್ಕೆ ಮಿತಿಯೂ ಇದೆ. ಅದು ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಸೇರುತ್ತ ಹೋಗಿ ಎರೆಹುಳುವಿಗೆ ಕೇಡು ಮಾಡುತ್ತದೆ. ಭಾರತದ ಸಾವಯವ ನಿಯಮ ಇದನ್ನು ನಿರ್ಬಂಧಿತ ವಸ್ತುವಾಗಿ ಮಾತ್ರ ಒಪ್ಪುತ್ತದೆ. ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ, ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ ತಾಮ್ರ, ಎಕರೆಗೆ 1.6 ಕಿಲೋ ಎಂಬ ಮಿತಿಯಿದೆ. ತುಂಬಿದ ತೋಟಕ್ಕೆ ಎಕರೆಗೆ 200 ಲೀಟರ್ ಬೋರ್ಡೋ ಬೇಕು; ಅದರಲ್ಲಿ ಎರಡು ಕಿಲೋ ಮೈಲುತುತ್ತ, ಅದರ ಕಾಲುಭಾಗ ತಾಮ್ರ, ಅಂದರೆ ಅರ್ಧ ಕಿಲೋ. ಈ ಅಳತೆ ಹಿಡಿದರೆ ವರ್ಷಕ್ಕೆ ಮೂರು ಸಿಂಪಡಣೆಗೆ ಪಾಲು ಮುಗಿಯುತ್ತದೆ. ಜೂನ್‌ನ ಬಿಸಿಲು–ಮಳೆಯಲ್ಲಿ ನಾಲ್ಕು ಚುಕ್ಕೆ ಕಂಡಿತೆಂದು ಅದನ್ನು ಖರ್ಚು ಮಾಡದೆ, ವಾಯುಭಾರ ಕುಸಿತದ ಸುದ್ದಿ ಬರುವವರೆಗೆ ಉಳಿಸಿಕೊಳ್ಳುವುದು ಜಾಣತನ.

ಇಷ್ಟಾದರೂ ತಡ ಅಂಗಮಾರಿ ಬಂದರೆ ಮೊದಲ ಗಿಡಗಳನ್ನು ಆ ದಿನವೇ ಬೇರು ಸಮೇತ ಕಿತ್ತು, ಚೀಲಕ್ಕೆ ತುಂಬಿ, ಎರಡಡಿ ಆಳದಲ್ಲಿ ಹೂಳಬೇಕು. ಸುತ್ತಲಿನ ನಾಲ್ಕಾರು ಗಿಡಗಳು ಚೆನ್ನಾಗಿ ಕಂಡರೂ ಅವುಗಳ ಗತಿಯೂ ಅದೇ. ಜಡಿ ಮುಂದುವರಿದು ತೋಟದ ತುಂಬ ಹರಡಿದರೆ ಇನ್ನು ಸಿಂಪಡಣೆಗೆ ಅರ್ಥವಿಲ್ಲ. ಬಲಿತ ಆರೋಗ್ಯವಂತ ಕಾಯಿ ಕಿತ್ತು, ಬೇರೆಯಾಗಿ ಹರಡಿ ಹಣ್ಣಾಗಿಸಿ, ಬಳ್ಳಿ ನಾಶಮಾಡುವುದೊಂದೇ ಉಳಿದ ಕೆಲಸ.

ಕೆಜಿಎಫ್‌ನ ಗಣಿ ಕಾಲೊನಿಗಳ ಹಿತ್ತಲುಗಳಲ್ಲಿ ಈ ರೋಗಕ್ಕೆ ಹೆಚ್ಚು ಸುಲಭದ ಪರಿಹಾರವಿದೆ. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ ಕಡೆಯ ಲೈನ್ ಮನೆಗಳಲ್ಲಿ ಹತ್ತು ಗಿಡ ಬೆಳೆಯುವವರು ಮೇಲೊಂದು ಪಾರದರ್ಶಕ ಶೀಟು ಇಳಿಜಾರಾಗಿ ಕಟ್ಟಿ ನಾಲ್ಕೂ ಕಡೆ ತೆರೆದಿಟ್ಟರೆ ಸಾಕು; ಮಳೆ ಎಲೆಗೆ ತಾಗದಿದ್ದರೆ ತಾಮ್ರವೂ ಬೇಡ. ಕುಂಡಕ್ಕೆ ತುಂಬಲು ಸೈನೇಡ್ ದಿಬ್ಬದ ಮರಳನ್ನು ಮಾತ್ರ ಯಾವ ಕಾರಣಕ್ಕೂ ತರಬಾರದು. ಅದು ಚಿನ್ನ ತೆಗೆದುಳಿದ ಗಣಿತ್ಯಾಜ್ಯ.

ಕಡೆಯದಾಗಿ ಮಾರುಕಟ್ಟೆ. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಗಿಟ್ಟದಷ್ಟು ಇಳಿದದ್ದಿದೆ. ಬೆಲೆ ಬಿದ್ದಾಗ ತೋಟವನ್ನು ಕೀಳದೆ ಬಿಡುವುದು, ಹಣ್ಣನ್ನು ರಸ್ತೆಬದಿಗೆ ಸುರಿಯುವುದು ವಾಡಿಕೆ. ಹಾಗೆ ಬಿಟ್ಟ ತೋಟ ಹಸಿರಾಗಿರುವಷ್ಟು ದಿನವೂ ಬೀಜಕಣ ಹಾರಿಸುತ್ತದೆ. ಸುರಿದ ಹಣ್ಣಿನಿಂದ ಹುಟ್ಟುವ ಸಸಿಗಳು ಮುಂದಿನ ಮಳೆಯವರೆಗೆ ರೋಗವನ್ನು ಸಾಕುತ್ತವೆ. ಸಾವಯವ ರೈತ ತನ್ನ ಹೊಲದಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದರೂ ಇದಕ್ಕೆ ಅವನ ಕೈಯಲ್ಲಿ ಉಪಾಯವಿಲ್ಲ. ಆದಕಾರಣ ಬೆಲೆ ಸಿಗದ ವರ್ಷವೂ ಕೈಬಿಟ್ಟ ತೋಟಕ್ಕೆ ಒಂದು ದಿನ ರೋಟವೇಟರ್ ಹೊಡೆಸಿ ಬಳ್ಳಿಯನ್ನು ಮಣ್ಣಿಗೆ ಸೇರಿಸಬೇಕು, ಆ ಖರ್ಚನ್ನು ಗ್ರಾಮ ಪಂಚಾಯಿತಿಗಳು ಮತ್ತು ತೋಟಗಾರಿಕೆ ಇಲಾಖೆ ಹಂಚಿಕೊಳ್ಳಬೇಕು ಎಂಬುದು ಬೆಳೆಗಾರರಲ್ಲೂ ಆಡಳಿತದಲ್ಲೂ ವಿನಂತಿ.